ತಮ್ಮನ ಉಸಿರು, ನನ್ನ ಬಾಯಿ

ವಿಮಾನದಲ್ಲಿ ಓಡಾಡುವವರನ್ನು ಕಂಡು ನನಗೆ ಎಂದೂ ಹೊಟ್ಟೆ ಉರಿದಿಲ್ಲ. ಬಂಗಾರದ ಅಂಗಡಿಯಿಂದ ನಗುತ್ತ ಹೊರಬರುವವರನ್ನು ಕಂಡರೂ, ಕಳ್ಳರ ಕಣ್ಣಿಗೆ ಬೀಳದೆ ಮನೆ ಸೇರಲಿ ಎಂದುಕೊಂಡು ಮುಂದೆ ಹೋಗುತ್ತೇನೆ. ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ದೂರ ನಡೆಯುವ ಶಕ್ತಿ ಇಲ್ಲ. ಅದಕ್ಕೆ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರೇ ಬೇಕು. ಅಂಥವನು ಒಬ್ಬನೇ ಇದ್ದಾನೆ, ನನ್ನ ತಮ್ಮ ಬಸು. ತವರೂರು ದಡ್ಡಿಯ ನಮ್ಮ ಹಿತ್ತಿಲಿನಲ್ಲಿ ಅವನಿಗೆ ಕಬಡ್ಡಿ ಕಲಿಸಿದವಳು ನಾನು. ಏಳನೆಯ ತರಗತಿಗೆ ನನ್ನ ಶಾಲೆಯನ್ನೂ ಆಟವನ್ನೂ ಒಟ್ಟಿಗೇ ಬಿಡಿಸಿದರು. ಆಮೇಲೆ ಅವನ ಪಾಲಿಗೆ ಬಾದಾಮಿ ಹಾಲು, ನನ್ನ ಪಾಲಿಗೆ ಹಾಲು ಕಾಸಿದ ಪಾತ್ರೆ.

ಈಗ ನಾನು ಮೂಡಲಗಿಯ ಸೊಸೆ. ಮನೆಯ ಮುಂದೆ ನಮ್ಮದೇ ಹಿಟ್ಟಿನ ಗಿರಣಿ ಇದೆ. ಜೋಳದ ಜೊತೆ ಊರಿನ ಸುದ್ದಿಯೂ ಅಲ್ಲಿ ಸಣ್ಣಗೆ ಬೀಸಿಕೊಂಡು ಹೋಗುತ್ತದೆ. ಇತ್ತೀಚೆಗೆ ಬರೀ ಕಬಡ್ಡಿಯದೇ ಸುದ್ದಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೊದಲಾದ ಕಡೆಯ ವ್ಯಾಪಾರಸ್ಥರು ಸೇರಿ ಒಂದು ಲೀಗ್ ಶುರು ಮಾಡಿದ್ದಾರೆ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ನಮ್ಮ ಕಡೆ ಕುರಿಗಳನ್ನೂ ಹೆಚ್ಚುಕಡಿಮೆ ಹಾಗೆಯೇ ಕೊಳ್ಳುತ್ತಾರೆ, ಆದರೆ ಕುರಿಯ ಬೆನ್ನ ಮೇಲೆ ಸಿಮೆಂಟಿನ ಜಾಹೀರಾತು ಇರುವುದಿಲ್ಲ. ಹುಕ್ಕೇರಿ ತಾಲ್ಲೂಕಿನವನಾದ ಬಸುವನ್ನು ಗೋಕಾಕದ ಸೀರೆ ಅಂಗಡಿಯ ಸಾಹುಕಾರರು ಕೊಂಡರು. ದಡ್ಡಿಯ ಜನಕ್ಕೆ ದೊಡ್ಡ ಫಜೀತಿಯಾಯಿತು. ಊರಿನ ಹುಡುಗನಿಗೆ ಚಪ್ಪಾಳೆ ತಟ್ಟಬೇಕೋ ತಾಲ್ಲೂಕಿನ ತಂಡಕ್ಕೆ ತಟ್ಟಬೇಕೋ ತಿಳಿಯದೆ, ಯಾರು ಔಟಾದರೂ ತಟ್ಟತೊಡಗಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಸೆಮಿಫೈನಲ್ಲಿನ ದಿನ ಬಸು ಅಂಗಳಕ್ಕೆ ಇಳಿಯದೆ ಗೆರೆಯ ಹೊರಗೆ ಕುಳಿತುಬಿಟ್ಟ. "ಲೀಗಿನ್ಯಾಗ ಹುಡುಗ್ಯಾರಿಗೂ ಟೀಮ್ ಬೇಕ್ರಿ. ನನಗ ಆಟ ಕಲಿಸಿದಾಕಿ ನಮ್ಮಕ್ಕ. ನನಕಿಂತ ಚಲೋ ಆಡತಿದ್ಲು. ಆಕೀನ್ನ ಮನ್ಯಾಗ ಕುಂದರಿಸಿದ್ರು" ಎಂದ. ಟಿಕೆಟ್ ತೆಗೆಸಿದ ಜನ ಕೂಗಾಡಿದರು, ಸಾಹುಕಾರರು ಏನೋ ಸಮಾಧಾನ ಹೇಳಿ ಎಬ್ಬಿಸಿದರು. ಮರುದಿನ ಆ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ಗಿರಣಿಗೆ ಬಂದ ಹೆಂಗಸರು "ಎಂಥಾ ತಮ್ಮನ್ನ ಪಡದೀರಿ ನೀವು" ಎಂದು ಕಣ್ಣು ಒರೆಸಿಕೊಂಡರು. ನೀವೇ ಹೇಳಿ, ಆಟ ಬಿಟ್ಟವಳು ನಾನು, ಮೂಲೆಯಲ್ಲಿ ಕುಳಿತು ಅತ್ತವಳು ನಾನು, ಹೆಸರು ಅವನಿಗೆ. ನನ್ನದು ಅಂತ ಇದ್ದದ್ದು ಒಂದೇ ಒಂದು ಅನ್ಯಾಯ. ಅದನ್ನೂ ಅವನೇ ಎತ್ತಿಕೊಂಡು ಹೋದ!

ಫೈನಲ್ಲಿಗೆ ಬಂದದ್ದು ಗೋಕಾಕ ಮತ್ತು ಮೂಡಲಗಿ. ಹಿಂದಿನ ದಿನ ಮೂಡಲಗಿ ತಂಡದ ಹುಡುಗರು ಗೋಧಿ ಬೀಸಿಕೊಳ್ಳಲು ಬಂದರು. "ಅಕ್ಕಾರ, ನಿಮ್ಮ ತಮ್ಮನ್ನ ಹಿಡಿಯೂದು ಹೆಂಗ್ರಿ? ಅವಂದು ಉಸಿರಲ್ರಿ, ಪಂಪ್‌ಸೆಟ್" ಎಂದರು. ಹೊಗಳಲಿ, ಬೇಡ ಅನ್ನುವುದಿಲ್ಲ. ನನ್ನ ಗಿರಣಿಯಲ್ಲಿ ನಿಂತೇ ಹೊಗಳಬೇಕೇ? "ಎಲ್ಲೀ ಪಂಪ್‌ಸೆಟ್ಟೋ? ಎಡಗಡೆ ಪಕ್ಕಡಿಗೆ ಒಂದು ಬಟ್ಟ ಆಡಿಸ್ರಿ, ನಕ್ಕೋಂತ ಬೀಳತಾನ" ಎಂದುಬಿಟ್ಟೆ. ಆ ಪಕ್ಕೆಗೆ ಬೆರಳು ತಾಗಿದರೆ ಸಾಕು, ಚಿಕ್ಕಂದಿನಿಂದಲೂ ಅವನಿಗೆ ಕಚಗುಳಿ. ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಹೋದವನು ನಡುವೆ ನಿಲ್ಲಿಸಿದರೆ ಔಟು. ನಗುವವನಿಗೆ ಕಬಡ್ಡಿ ಎನ್ನಲು ಬರುವುದಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಟ್ಟಿನ ಚೀಲವನ್ನು ಬಿಟ್ಟೇ ಓಡಿದರು.

ಗೋಕಾಕದ ಮೈದಾನದಲ್ಲಿ ಮರುದಿನ ಎಂದೂ ಇಲ್ಲದಷ್ಟು ಹೆಂಗಸರು ಸೇರಿದ್ದರು. ಸಾಹುಕಾರರು ಆ ಕಡೆಯನ್ನೊಮ್ಮೆ ನೋಡಿದರು. ಅವರ ಕಣ್ಣಿಗೆ ಜನ ಕಂಡರೋ ಸೀರೆಗಳು ಕಂಡವೋ, ಮೈಕ್ ಹಿಡಿದು ಹೇಳಿದರು: "ಬಸು ಇವತ್ತ ಕಪ್ ಗೆದ್ದು ಕೊಟ್ರ, ಬರೂ ವರ್ಷ ಹುಡುಗ್ಯಾರ ಟೀಮ್ ಮಾಡತೀನ್ರಿ. ನಾ ಮಾತು ತಪ್ಪಾವಲ್ಲ." ನನ್ನ ಸುತ್ತ ಕುಳಿತಿದ್ದ ಕಾಲೇಜು ಹುಡುಗಿಯರು ಎದ್ದು ಕುಣಿದರು. ನಾನು ಮೂಡಲಗಿಯ ಹುಡುಗರ ಹತ್ತಿರ ಓಡಿಹೋಗಿ "ಎಡಗಡೆ ಅಲ್ರೋ, ಬಲಗಡೆ" ಎಂದು ಸುಳ್ಳಾದರೂ ಹೇಳೋಣವೆಂದು ಎದ್ದೆ. "ಕುಂಡ್ರಬೇ, ಕಾಣವಲ್ದು" ಎಂದು ಹಿಂದಿನವರು ಸೆರಗು ಹಿಡಿದು ಕೂರಿಸಿದರು.

ಕೊನೆಯ ಸರದಿಯಲ್ಲಿ ಎರಡೂ ಕಡೆ ಅಂಕ ಸಮ ಇತ್ತು. ಬಸು ಒಳಗೆ ಹೋದ. ಇಬ್ಬರು ಹಿಡಿದರು, ಎಳೆದುಕೊಂಡೇ ಗೆರೆಯ ಹತ್ತಿರ ಬಂದ. ಆಗ ಮೂರನೆಯವನು ಬಂದು, ಹಾರ್ಮೋನಿಯಂ ಬಾರಿಸುವಂತೆ ಅವನ ಎಡಪಕ್ಕೆಯ ಮೇಲೆ ಬೆರಳು ಆಡಿಸಿದ. ನನ್ನ ತಮ್ಮ ಖಿಲಖಿಲ ನಕ್ಕುಬಿಟ್ಟ. ರೆಫರಿ ಸೀಟಿ ಊದಿದ, ಕಪ್ ಮೂಡಲಗಿಯ ಪಾಲಾಯಿತು. ಸೋಲುವಾಗ ನಗುವ ಆಟಗಾರನನ್ನು ಕಂಡು ಗೋಕಾಕದ ಅಭಿಮಾನಿಗಳು ಬಾಯಿಗೆ ಬಂದಂತೆ ಬೈದರು. ಅವನ ಪರವಾಗಿ ಒಂದು ಮಾತು ಹೇಳಬೇಕಾದವಳು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದಳು.

ಎರಡು ದಿನ ಬಿಟ್ಟು ಬಸು ಮನೆಗೆ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. "ಹೇಳಿದಾಕಿ ನೀನ ಹೌದಿಲ್ಲೋ?" ಎಂದ. ಆ ಪಕ್ಕೆಯ ವಿಷಯ ತಿಳಿದವರು ಲೋಕದಲ್ಲಿ ಮತ್ತೆ ಯಾರಿದ್ದಾರೆ? ಹೂಂ ಎಂದೆ. "ನನ್ನ ಮ್ಯಾಲ ಸಿಟ್ಟಿದ್ರ ನನಗ ಎರಡು ಬಡೀಬೇಕಿತ್ತಕ್ಕಾ. ಆ ಹುಡುಗ್ಯಾರು ನಿನಗ ಏನ್ ಮಾಡಿದ್ರು?" ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನು ಮಗುಚಲಿಲ್ಲ. ಅವನೇ ಬಂದು ಮಗುಚಿ ಹಾಕಿದ. "ಸಾಹುಕಾರ್ರನ್ನ ಮತ್ತ ಕೇಳೇನಿ. ಹುಡುಗ್ಯಾರು ತಯಾರಿದ್ರ ಒಂದ ಸಲ ನೋಡಾಕ ಬರತೀನಿ ಅಂದಾರ. ತಯಾರ ಮಾಡೂದು ನಿಂದು, ಸಾಹುಕಾರ್ರನ್ನ ಕರಕೊಂಡು ಬರೂದು ನಂದು. ತಯಾರಾದ ಮ್ಯಾಲ ನನಗ ಒಂದು ಫೋನ್ ಹಚ್ಚು" ಎಂದು, ಆ ಹೊತ್ತಿದ ರೊಟ್ಟಿಯನ್ನೇ ತಿಂದು ಹೋದ.

ಅಂದಿನಿಂದ ಗಿರಣಿಯ ಹಿಂದಿನ ಬಯಲಿನಲ್ಲಿ ಸಂಜೆ ಹುಡುಗಿಯರು ಸೇರುತ್ತಾರೆ. ಸೀರೆಯನ್ನು ಎತ್ತಿಕಟ್ಟಿ ನಾನೂ ಇಳಿಯುತ್ತೇನೆ. ಮಂಡಿ ನೋಯುತ್ತದೆ, ಆದರೆ ಕಾಲು ಹಿಡಿಯುವುದನ್ನು ಕೈ ಮರೆತಿಲ್ಲ. ಹುಡುಗಿಯರು ಈಗ ಚೆನ್ನಾಗಿಯೇ ಆಡುತ್ತಾರೆ. ಮೊನ್ನೆ ಅವರಲ್ಲೊಬ್ಬಳು, ನಾನು ಕಲಿಸಿದ ಪಟ್ಟಿನಲ್ಲಿ ನನ್ನನ್ನೇ ಕೆಡವಿ, ಮೈಮೇಲಿನ ಮಣ್ಣು ಕೊಡವುತ್ತ ಕೇಳಿದಳು: "ಅಕ್ಕಾರ, ನಿಮ್ಮ ತಮ್ಮನ್ನ ಯಾವಾಗ ಕರಸತೀರ್ರಿ? ಅವರು ಬಂದು ಹೇಳಿಕೊಟ್ರ ನಮಗ ಖರೆ ಆಟ ಬರತೈತ್ರಿ."

ಕರೆಸುತ್ತೇನೆ, ಇನ್ನೂ ಸ್ವಲ್ಪ ಪಳಗಿರಿ ಎಂದೆ. ದಿನವೂ ಸಂಜೆ ಬಸುವಿಗೆ ಹೇಳಲು ಫೋನನ್ನು ಕೈಗೆತ್ತಿಕೊಳ್ಳುತ್ತೇನೆ. ದಿನವೂ ಚಾರ್ಜು ಕಡಿಮೆ ಇದೆ ಎಂದು ನನಗೆ ನಾನೇ ಹೇಳಿಕೊಂಡು ಕೆಳಗಿಡುತ್ತೇನೆ.