ಬಾಬಿನ್ ಹೆಸರಿಗೆ ಬುಕ್ ಆದ ಪ್ರೋಟೀನ್

"ಮೂವತ್ತೇ ದಿನ! ಮೂವತ್ತು ದಿನದಲ್ಲಿ ಇವಳ ತೂಕಾನ ಹದಿನಾಲ್ಕು ಕಿಲೋದಿಂದ ಹದಿನೈದಕ್ಕೆ ಏರಿಸದೇ ಇದ್ರೆ, ನಾನು ಪಾರ್ಸೆಲ್ ಆಫೀಸಿನ ಬುಕಿಂಗ್ ಕೌಂಟರಲ್ಲಿ ಏಳು ವರ್ಷ ಕೂತಿದ್ದೇ ದಂಡ!"

ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ನಾನು ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಇಬ್ಬರೇ. ಒಬ್ಬರು ನನ್ನ ಗಂಡ. ಅವರು ಬಗ್ಗಿ ಮಗಳ ಚಪ್ಪಲಿ ಹುಡುಕುತ್ತಿದ್ದರು. ಇನ್ನೊಬ್ಬಳು ಮಗಳು, ಅವಳೇ ಅದನ್ನು ಬಚ್ಚಿಟ್ಟಿದ್ದಳು.

ನಾಲ್ಕು ವರ್ಷ ತುಂಬಿದ ಮಗಳನ್ನು ತಪಾಸಣೆಗೆಂದು ಕರೆದೊಯ್ದಿದ್ದೆವು. ಅವಳಿಗೆ ನಾವು ಬಾಬಿನ್ ಎನ್ನುತ್ತೇವೆ. ನನ್ನ ಗಂಡ ದರ್ಜಿ. ಹೊಲಿಗೆ ಯಂತ್ರದ ಹೊಟ್ಟೆಯಲ್ಲಿ ಕೂತು ಗಿರಗಿರ ತಿರುಗುವ ದಾರದ ಉರುಳೆಯ ಹೆಸರನ್ನೇ, ಒಂದು ಗಳಿಗೆ ನಿಂತಲ್ಲಿ ನಿಲ್ಲದ ಮಗಳಿಗೂ ಇಟ್ಟುಬಿಟ್ಟರು. ಡಾಕ್ಟರು ಅವಳನ್ನು ತೂಗಿ ಹೇಳಿದ್ದು ಇಷ್ಟು: "ಮಗು ಚುರುಕಾಗಿದೆ, ಆರೋಗ್ಯವಾಗಿದೆ. ತೂಕ ಒಂಚೂರು ಕಡಿಮೆ. ಊಟದ ಜೊತೆ ಬೇಳೆ, ಮೊಟ್ಟೆ, ಹಾಲು, ಮೊಸರು ಇರ್ಲಿ, ಪ್ರೋಟೀನ್ ಸಿಗುತ್ತೆ. ಒಂದು ತಿಂಗಳು ಬಿಟ್ಟು ತೋರಿಸಿ."

ಇದರಲ್ಲಿ ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು: 'ಕಡಿಮೆ' ಮತ್ತು 'ಪ್ರೋಟೀನ್'. 'ಆರೋಗ್ಯವಾಗಿದೆ' ಎನ್ನುವುದು ಕಿವಿಯ ಬಾಗಿಲವರೆಗೆ ಬಂದು, ಯಾರೂ ಒಳಗೆ ಕರೆಯದ್ದರಿಂದ ವಾಪಸ್ಸು ಹೋಯಿತು. ತಾಯಿಯ ಕಿವಿಯೇ ಹಾಗೆ!

ಬಸ್ಸಿನಲ್ಲಿ ಕೂತವಳೇ ಮೊಬೈಲು ತೆಗೆದೆ. ಮಾಂಸಖಂಡ, ರಕ್ತ, ಚರ್ಮ, ಕೂದಲು, ಉಗುರು, ಎಲ್ಲಕ್ಕೂ ಪ್ರೋಟೀನ್ ಬೇಕಂತೆ! ಮಗಳ ಉಗುರು ನೋಡಿದೆ. ತೆಳ್ಳಗಿತ್ತು. ಗಂಡನ ತಲೆ ನೋಡಿದೆ. ಅಲ್ಲಿ ಪರಿಸ್ಥಿತಿ ಕೈಮೀರಿ ಹೋಗಿತ್ತು.

ಈ ವಯಸ್ಸಿನ ಮಗುವಿಗೆ ದಿನಕ್ಕೆ ಎಷ್ಟು ಬೇಕು? ದೇಹದ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂ. ಅಂದರೆ ಹದಿನಾಲ್ಕು ಗ್ರಾಂ. ಆದರೆ ನಮ್ಮ ಆಫೀಸಿನಲ್ಲಿ ಹದಿನಾಲ್ಕು ಎಂಬ ಅಂಕಿಯೇ ಇಲ್ಲ. ಪಾರ್ಸೆಲ್ಲಿನ ತೂಕ ಎಷ್ಟೇ ಬರಲಿ, ಮುಂದಿನ ಮೆಟ್ಟಿಲಿಗೆ ಏರಿಸಿ ಬರೆಯುವುದು ನಮ್ಮ ಪದ್ಧತಿ. ಏರಿಸಿದೆ, ಇಪ್ಪತ್ತಾಯಿತು. ದಿನಕ್ಕೆ ನಾಲ್ಕು ಹೊತ್ತು ತಿನ್ನುತ್ತಾಳೆ, ಹೊತ್ತಿಗೆ ಐದು. ಐದನ್ನೂ ಏರಿಸಿದೆ, ಹತ್ತಾಯಿತು. ಹತ್ತು ನಾಲ್ಕಲಿ ನಲವತ್ತು! ನಮ್ಮ ಸ್ಟಾಪು ಬಂತು, ಇಳಿದುಬಿಟ್ಟೆವು. ಇನ್ನೆರಡು ಸ್ಟಾಪು ಮುಂದಿದ್ದಿದ್ದರೆ ಅರವತ್ತಾಗುತ್ತಿತ್ತು.

ಅಂದೇ ಅಡುಗೆಮನೆಗೆ ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬಂತು. ಫ್ರಿಜ್ಜಿನ ಬಾಗಿಲಿಗೆ ಬಾಬಿನ್ ಹೆಸರಿನ ಚಾರ್ಟು ಹತ್ತಿತು. ಅನ್ನ, ಬ್ರೆಡ್ಡು, ಬಾಳೆಹಣ್ಣು ಇವೆಲ್ಲ ಹೊಟ್ಟೆಯಲ್ಲಿ ಸುಮ್ಮನೆ ಜಾಗ ಹಿಡಿಯುವ ಪುಂಡರೆಂದು ತೀರ್ಮಾನಿಸಿ, ಬಾಬಿನ್‌ಳ ತಟ್ಟೆಯಿಂದ ಗಡೀಪಾರು ಮಾಡಿದೆ. ಅವುಗಳ ಸಿಂಹಾಸನವನ್ನು ಬೆಂದ ಮೊಟ್ಟೆ, ಬೆಂದ ಕಾಳು, ಸೋಯಾ ತುಂಡು ಏರಿದವು.

ಅತ್ತೆ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದರು.

"ಏನಮ್ಮ, ಮೊಟ್ಟೇನೂ ತೂಗ್ತೀಯಾ?"

"ಹೌದು ಅತ್ತೆ. ಒಂದೊಂದು ಮೊಟ್ಟೆ ಒಂದೊಂದು ಥರ ಇರುತ್ತೆ."

"ನಿನ್ನ ಗಂಡನ್ನ ನಾನು ತಕ್ಕಡಿ ಇಲ್ದೇನೇ ಬೆಳೆಸಿದ್ದು ಕಣಮ್ಮ."

ನಾನು ಸುಮ್ಮನೆ ಗಂಡನ ತಲೆಯ ಕಡೆ ನೋಡಿದೆ. ಅತ್ತೆಯೂ ನೋಡಿದರು.

ಮೊದಲ ದಿನವೇ ಬಾಬಿನ್ ಸೋಯಾ ತುಂಡನ್ನು ಬಾಯಿಗಿಟ್ಟು, ಹಾಗೇ ಹೊರಗೆ ತೆಗೆದು, "ಅಮ್ಮಾ, ಇದು ಪಾತ್ರೆ ತಿಕ್ಕೋದು!" ಎಂದಳು. ನಾನು ಸೋಲುವವಳೇ? ಕಡಲೆಕಾಯಿ ಪುಡಿ, ಸೋಯಾ ಹಿಟ್ಟು, ಹಾಲಿನ ಪುಡಿ ಮೂರನ್ನೂ ಕಲಸಿ, ನೀರು ಸೇರಿಸಿದರೆ ಶಕ್ತಿ ಕಡಿಮೆಯಾದೀತೆಂಬ ಭಯದಿಂದ ನೀರು ಹನಿಸದೆ, ಅದುಮಿ ಅದುಮಿ ಉಂಡೆ ಕಟ್ಟಿ, ಓವನ್ನಿನಲ್ಲಿಟ್ಟು ಸುಟ್ಟೆ. ಒಂದು ಕೈತಪ್ಪಿ ನೆಲಕ್ಕೆ ಬಿತ್ತು. ಉಂಡೆಗೆ ಏನೂ ಆಗಲಿಲ್ಲ. ಕೆಳಗಿನ ಮನೆಯವರು ಮೇಲೆ ಬಂದು, "ಯಾರಾದ್ರೂ ಬಿದ್ರಾ?" ಎಂದು ವಿಚಾರಿಸಿ ಹೋದರು.

"ರೀ, ರುಚಿ ನೋಡಿ ಹೇಳಿ."

ಗಂಡ ಬಲಗಡೆಯಿಂದ ಕಚ್ಚಿದರು. ಎಡಗಡೆಯಿಂದ ಕಚ್ಚಿದರು. ಆಮೇಲೆ ಉಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಚೆನ್ನಾಗಿದೆ ಕಣೇ. ಕಾಗದದ ಪ್ಯಾಟರ್ನು ಗಾಳಿಗೆ ಹಾರದ ಹಾಗೆ ಇಡೋಕೆ ಅಂಗಡೀಲಿ ಇಂಥದ್ದೇ ಒಂದು ಬೇಕಿತ್ತು."

ಮರುದಿನ ಎರಡು ಉಂಡೆ ಶಾಲೆಯ ಡಬ್ಬಿ ಏರಿದವು. ಸಂಜೆ ಡಬ್ಬಿಯಲ್ಲಿ ಟೀಚರ ಚೀಟಿ ಇತ್ತು: "ನಿಮ್ಮ ಮಗಳು ತಂದಿದ್ದ ಎರಡು ಚೆಂಡುಗಳನ್ನು ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೇವೆ. ದಯವಿಟ್ಟು ಊಟ ಕಳಿಸಿ."

ಅಂದಿನಿಂದ ಶಾಲೆಯ ಡಬ್ಬಿಯೊಂದನ್ನು ಅತ್ತೆಗೆ ಬಿಟ್ಟುಕೊಟ್ಟೆ. ಚಾರ್ಟನ್ನು ಮಾತ್ರ ಬಿಡಲಿಲ್ಲ! ಹೊತ್ತಿಗೆ ಹತ್ತು ಗ್ರಾಂ ಪ್ರೋಟೀನ್ ತೂಗಿ ತಟ್ಟೆಗೆ ಹಾಕುವುದು, ಹಾಕಿದ ತಕ್ಷಣ ಚಾರ್ಟಿನಲ್ಲಿ ಟಿಕ್ ಹೊಡೆಯುವುದು. ಆಫೀಸಿನ ಕ್ರಮವೇ ಅದು: ಪಾರ್ಸೆಲ್ ತೂಗಿ ಚೀಟಿ ಅಂಟಿಸಿದರೆ ಬುಕಿಂಗಿನವರ ಕೆಲಸ ಮುಗಿಯಿತು. ಅದು ಎಲ್ಲಿಗೆ ಹೋಯಿತು, ಯಾರ ಕೈ ಸೇರಿತು ಎಂಬುದು ಡೆಲಿವರಿಯವರ ತಲೆನೋವು. ಬಾಬಿನ್ ಎರಡು ಕಾಳು ಮೂಸಿ, ತಟ್ಟೆ ದೂಡಿ ಪಕ್ಕದಲ್ಲೇ ಇದ್ದ ಅಪ್ಪನ ಅಂಗಡಿಗೆ ಓಡುತ್ತಿದ್ದಳು. ನಾನು ಖಾಲಿ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ಇಷ್ಟು ಕಷ್ಟಪಟ್ಟು ತೂಗಿದ್ದನ್ನು ಕಸಕ್ಕೆ ಹಾಕಲು ಯಾವ ತಾಯಿಗೆ ಕೈ ಬರುತ್ತದೆ? ಸಿಂಕಿನ ಪಕ್ಕ ನಿಂತುಕೊಂಡೇ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದೆ. ಆಮೇಲೆ ನನ್ನ ಊಟ ಬೇರೆ. ನಿಂತು ತಿಂದದ್ದು ಊಟವಲ್ಲ, ಮನೆಗೆಲಸ!

ಮೂರನೇ ವಾರಕ್ಕೆ ವಿಚಿತ್ರ ಶುರುವಾಯಿತು. ಮನೆಯ ಬಟ್ಟೆಗಳಲ್ಲಿ ನನ್ನವು ಮಾತ್ರ ಕುಗ್ಗತೊಡಗಿದವು.

"ರೀ, ಸೋಪಿನ ಪುಡಿ ಬದಲಾಯಿಸಿದ್ರಾ?"

"ಇಲ್ವಲ್ಲ."

"ಹಾಗಾದ್ರೆ ಆಫೀಸಿನ ಈ ನೀಲಿ ಅಂಗಿ ಯಾಕೆ ಹೀಗೆ ಹಿಡ್ಕೊಳ್ತಿದೆ?"

ಅವರು ಅಂಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಬಟ್ಟೇದೇ ದೋಷ ಇರಬೇಕು. ಕೊಡು, ಸರಿ ಮಾಡ್ತೀನಿ." ಮರುದಿನ ಅಂಗಿ ಆರಾಮಾಗಿತ್ತು. ಎಂಥ ಕೈಚಳಕ! ಮುಂದಿನ ವಾರ ಮತ್ತೆ ಬಿಗಿಯಾಯಿತು, ಮತ್ತೆ ಸರಿ ಮಾಡಿಕೊಟ್ಟರು.

ಕೊನೆಯ ದಿನ, ಸಂಜೆ ಡಾಕ್ಟರ ಭೇಟಿ. ಬೆಳಗ್ಗೆ ಕೌಂಟರಿನಲ್ಲಿ ಒಬ್ಬ ಹಿರಿಯರು ಔಷಧಿ ಪೊಟ್ಟಣವೊಂದನ್ನು ತಂದಿದ್ದರು. ಅದನ್ನು ತಕ್ಕಡಿಯ ಮೇಲಿಟ್ಟು, ಮೇಲಿನ ಗೂಡಿನಿಂದ ಚೀಟಿ ತೆಗೆಯಲು ಕೈ ಎತ್ತಿದೆ. ಟಪ್! ಅಂಗಿಯ ನಡುವಿನ ಗುಂಡಿ ಹಾರಿ, ಗಾಜಿಗೆ ಬಡಿದು, ಸೀದಾ ತಕ್ಕಡಿಯ ಮೇಲೆ ಬಿತ್ತು. ಅಂಕಿ ಒಂದು ಗ್ರಾಂ ಏರಿತು.

"ಮೇಡಂ, ಗುಂಡಿ ನಂದಲ್ಲ," ಎಂದರು ಹಿರಿಯರು, ಬಲು ವಿನಯದಿಂದ.

ಡೆಲಿವರಿ ವಿಭಾಗದ ಅಕ್ಕ ಪಿನ್ನು ಹಿಡಿದು ಓಡಿ ಬಂದರು. "ಏನಮ್ಮ ಇದು, ಈಚೆಗೆ ಮೈ ಕೈ ತುಂಬ್ಕೊಂಡಿದ್ದೀಯ?"

"ಒಗೆಯೋ ಯಂತ್ರ ಸರಿ ಇಲ್ಲ ಅಕ್ಕ. ಮಗಳ ಪ್ರೋಟೀನ್ ಚಿಂತೇಲಿ ನಾನೇ ಸೊರಗಿ ಹೋಗಿದ್ದೀನಿ. ಆದ್ರೂ ಇವತ್ತಿನವರೆಗೂ ಚಾರ್ಟಲ್ಲಿ ಒಂದೇ ಒಂದು ಟಿಕ್ ತಪ್ಪಿಲ್ಲ!"

"ತಟ್ಟೆಗೆ ಹಾಕಿದ್ದಕ್ಕೋ, ಹೊಟ್ಟೆಗೆ ಹೋಗಿದ್ದಕ್ಕೋ?"

ಡೆಲಿವರಿಯವರಿಗೆ ಯಾವಾಗಲೂ ಅನುಮಾನವೇ! ಅಂಗಿಗೆ ಪಿನ್ನು ಚುಚ್ಚಿಕೊಂಡು ಕೆಲಸ ಮುಂದುವರಿಸಿದೆ. ಆದರೆ ಆ ಪ್ರಶ್ನೆ ಪಿನ್ನಿಗಿಂತ ಜಾಸ್ತಿ ಚುಚ್ಚುತ್ತಿತ್ತು. ಬಾಬಿನ್ ತೂಕ ಇಳಿದುಹೋಗಿದ್ದರೆ? ಸಂಜೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಚೀಲದಲ್ಲಿದ್ದ ಚಾರ್ಟನ್ನು ಎರಡೆರಡು ಸಲ ಮುಟ್ಟಿ ನೋಡಿಕೊಂಡೆ.

ಮಗಳು ತಕ್ಕಡಿ ಏರಿದಳು. ನಾನು ಕಣ್ಣು ಮುಚ್ಚಿದೆ.

"ಹದಿನಾಲ್ಕು ಕಿಲೋ ಇನ್ನೂರು," ಎಂದರು ಡಾಕ್ಟರು. "ತುಂಬಾ ಒಳ್ಳೇದು."

"ಇನ್ನೂರೇನಾ? ಒಂದು ಕಿಲೋ ಬರಬೇಕಿತ್ತಲ್ಲ!"

"ತಿಂಗಳಿಗೆ ಒಂದು ಕಿಲೋನಾ? ಹಾಗಂತ ನಾನು ಯಾವಾಗಮ್ಮ ಹೇಳ್ದೆ? ಇನ್ನೂರು ಬಂದಿದ್ದೇ ಹೆಚ್ಚು. ಏನು ಕೊಡ್ತಿದ್ರಿ?"

ನನಗೆ ಜೀವ ಬಂತು. ಚೀಲದಿಂದ ಚಾರ್ಟು ತೆಗೆದು ಮೇಜಿನ ಉದ್ದಕ್ಕೂ ಹಾಸಿದೆ. "ನೋಡಿ ಡಾಕ್ಟ್ರೇ! ಗ್ರಾಂ ಲೆಕ್ಕದಲ್ಲಿ ಮೊಟ್ಟೆ, ಕಾಳು, ಸೋಯಾ..."

"ಅದೆಲ್ಲ ಅಮ್ಮ ತಿನ್ನೋದು," ಎಂದಳು ಬಾಬಿನ್, ತಕ್ಕಡಿಯ ಮೇಲಿಂದಲೇ. "ನಂಗೆ ಅಜ್ಜಿ ಅಂಗಡೀಲಿ ಅನ್ನ ಬೇಳೆ ಕಲಸಿ ಕೊಡ್ತಾರೆ. ಮೊಸರೂ ಕೊಡ್ತಾರೆ. ಬಾಳೆಹಣ್ಣೂ! ಅಮ್ಮಂಗೆ ಹೇಳ್ಬೇಡ ಅಂದಿದ್ದಾರೆ."

ಗಂಡ ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರವನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದರು.

ಡಾಕ್ಟರು ನಕ್ಕರು. "ಅಜ್ಜಿ ಸರಿಯಾಗೇ ಮಾಡಿದ್ದಾರೆ. ಅನ್ನದ ಪ್ರೋಟೀನಲ್ಲಿ ಇರೋ ಕೊರತೇನ ಬೇಳೆ ತುಂಬುತ್ತೆ, ಬೇಳೇದನ್ನ ಅನ್ನ ತುಂಬುತ್ತೆ. ಅನ್ನ, ಹಣ್ಣು ಎಲ್ಲ ನಿಲ್ಲಿಸಿ ಬರೀ ಪ್ರೋಟೀನ್ ಕೊಟ್ರೆ, ದೇಹ ಶಕ್ತಿಗೆ ಅಂತ ಅದನ್ನೇ ಉರಿಸಿಬಿಡುತ್ತೆ. ಮನೆ ಕಟ್ಟೋಕೆ ತಂದ ಮರಾನ ಒಲೆಗೆ ಹಾಕಿದ ಹಾಗೆ."

"ಮತ್ತೆ... ಬೇಕಾದ್ದಕ್ಕಿಂತ ಜಾಸ್ತಿ ತಿಂದ್ರೆ ಡಾಕ್ಟ್ರೇ?" ನನ್ನ ದನಿ ಸಣ್ಣಗಾಗಿತ್ತು.

"ಮುಂದಕ್ಕೆ ಬೇಕಾಗುತ್ತೆ ಅಂತ ಪ್ರೋಟೀನನ್ನ ಹಾಗೇ ಎತ್ತಿಡೋಕೆ ದೇಹದಲ್ಲಿ ಗೋಡೌನ್ ಇಲ್ಲಮ್ಮ. ಮಾಮೂಲಿ ಊಟದ ಮೇಲೆ ಅದೂ ಬಿದ್ರೆ ಮಿಕ್ಕಿದ್ದು ಕೊಬ್ಬಾಗಿ ಕೂರುತ್ತೆ." ಅವರ ಕಣ್ಣು ನನ್ನ ಅಂಗಿಯ ಪಿನ್ನಿನ ಮೇಲೆ ಒಂದು ಕ್ಷಣ ನಿಂತಿತು. "ನೀವೂ ಒಂದ್ಸಲ ತಕ್ಕಡಿ ಹತ್ತಿ."

ಹತ್ತಿದೆ. ಮೂರೂವರೆ ಕಿಲೋ ಏರಿದ್ದೆ! ನಮ್ಮ ಆಫೀಸಿನ ಪದ್ಧತಿಯಲ್ಲಿ ನಾಲ್ಕು.

ಗಂಡ ಗಂಟಲು ಸರಿಮಾಡಿಕೊಂಡರು. "ಬುಕಿಂಗಲ್ಲಿ ಏನೂ ತಪ್ಪಿಲ್ಲ ಡಾಕ್ಟ್ರೇ. ಡೆಲಿವರಿ ಬೇರೆ ವಿಳಾಸಕ್ಕೆ ಆಗಿದೆ."

"ರೀ, ನಿಮಗೆ ಗೊತ್ತಿತ್ತಾ?"

"ಎರಡು ಸಲ ಹೊಲಿಗೆ ಬಿಚ್ಚಿದೋನಿಗೆ ಗೊತ್ತಿರಲ್ವಾ? ಇನ್ನು ಬಿಚ್ಚೋಕೆ ಒಳಗೆ ಬಟ್ಟೇನೇ ಉಳಿದಿಲ್ಲ ಕಣೇ!"

ಮರುದಿನ ಬೆಳಗ್ಗೆ ತಕ್ಕಡಿ ಅಟ್ಟಕ್ಕೆ ಹೋಯಿತು. ಅತ್ತೆ ಎಲ್ಲರ ತಟ್ಟೆಗೂ ಒಂದೇ ಪಾತ್ರೆಯಿಂದ ಬಡಿಸಿದರು, ಜೊತೆಗೆ ಒಂದೊಂದು ಬೆಂದ ಮೊಟ್ಟೆ. ಬಾಬಿನ್ ಎಂದಿನಂತೆ ಓಡಿಹೋಗಲಿಲ್ಲ. ನನ್ನ ತಟ್ಟೆಯನ್ನೇ ದಿಟ್ಟಿಸಿ ನೋಡಿ, ತನ್ನ ಮೊಟ್ಟೆಯನ್ನು ಎರಡೂ ಕೈಯಲ್ಲಿ ಬಚ್ಚಿಟ್ಟುಕೊಂಡಳು.

"ಅಮ್ಮಾ, ಇವತ್ತು ನಂದು ತಿನ್ಬೇಡ. ನಿನ್ನ ಗುಂಡಿ ಹಾರಿಹೋಗುತ್ತೆ."

ಹಾಗೆಂದವಳೇ, ಎಲ್ಲಿ ಅಮ್ಮ ಕಿತ್ತುಕೊಂಡುಬಿಡುತ್ತಾಳೋ ಎಂಬ ಆತುರದಲ್ಲಿ ಅದನ್ನು ಪೂರ್ತಿ ತಿಂದು ಮುಗಿಸಿದಳು. ತಿಂಗಳಿಡೀ ನಾನು ಬೆವರು ಸುರಿಸಿ ಸಾಧಿಸಲಾಗದ್ದು ಎರಡೇ ನಿಮಿಷದಲ್ಲಿ ಡೆಲಿವರಿಯಾಗಿತ್ತು! ಟಿಕ್ ಹೊಡೆಯೋಣವೆಂದು ಫ್ರಿಜ್ಜಿನ ಕಡೆ ತಿರುಗಿದರೆ, ಚಾರ್ಟು ಆಗಲೇ ಮತ್ತೆ ಅಲ್ಲಿಗೆ ಹತ್ತಿತ್ತು, ಅದರ ಮೇಲಿದ್ದ ಮಗಳ ಹೆಸರನ್ನು ಹೊಡೆದು ಯಾರೋ ನನ್ನ ಹೆಸರು ಬರೆದಿದ್ದರು. ಅದೂ ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ!