ಮೊಮ್ಮಗಳ ಹೊಸ್ತಿಲು, ತಾತನ ಕ್ಲಚ್ಚು

ಮಾಗಡಿ ರೋಡಿನಲ್ಲಿ ಬಸ್ಸು ಓಡಿಸಿದವನಿಗೆ ಈ ಭೂಮಿಯ ಮೇಲೆ ಓಡಿಸಲಾಗದ ಯಂತ್ರ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹಸು, ಆಟೊ, ಅಗೆದು ಬಿಟ್ಟ ರಸ್ತೆ, ಗಾರ್ಮೆಂಟ್ಸ್ ಬಿಡುವ ಹೊತ್ತಿನ ಜನ, ಇಷ್ಟರ ನಡುವೆ ಖಾಸಗಿ ಬಸ್ಸನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದವನು ನಾನು. ಓದಿದ್ದು ನಾಲ್ಕನೇ ಕ್ಲಾಸು. ಅದೂ ಪೂರ್ತಿಯಲ್ಲ. ಆದರೆ ಸ್ಟೇರಿಂಗಿನ ಮುಂದೆ ಕೂತರೆ ನಾನು ಡಬಲ್ ಡಿಗ್ರಿ!

ಈಗ ಬಸ್ಸು ಬಿಟ್ಟು ಮನೆಯಲ್ಲಿದ್ದೇನೆ. ಮನೆ ಕಾಮಾಕ್ಷಿಪಾಳ್ಯದಲ್ಲಿ, ಮೊದಲನೇ ಮಹಡಿ. ಸದ್ಯಕ್ಕೆ ನನ್ನ ಉದ್ಯೋಗ ತಾತನ ಕೆಲಸ. ಮೊಮ್ಮಗಳ ಹೆಸರು ಚಾರ್ವಿ. ಅವಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಅವಳು ನಕ್ಕರೆ ಕೆಳಗಿನ ಲೇತ್ ಅಂಗಡಿಯವರು ಮಿಷನ್ ನಿಲ್ಲಿಸಿ ಮೇಲೆ ನೋಡುತ್ತಾರೆ. ಕರೆಂಟು ಹೋಗಿತ್ತು ಅಂತ ನನ್ನ ಹೆಂಡತಿ ಜಯಮ್ಮ ಹೇಳುತ್ತಾಳೆ. ಅದನ್ನು ನೀವು ನಂಬಬೇಡಿ.

ಚಾರ್ವಿ ಅಂಬೆಗಾಲಿಡಲು ಶುರುಮಾಡಿದಳು. ನಮ್ಮಲ್ಲಿ ಮಗು ಮೊದಲ ಸಲ ತಾನಾಗಿ ಹೊಸ್ತಿಲು ದಾಟಿದರೆ ಹೊಸ್ತಿಲಿಗೆ ಪೂಜೆ ಮಾಡಿ, ಕಾಯಿ ಒಡೆದು, ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚುವುದು ಪದ್ಧತಿ. ಜಯಮ್ಮ ಶುಕ್ರವಾರವೇ ಆಗಬೇಕೆಂದು ಹಟ ಹಿಡಿದಳು. ಮಗುವಿಗೆ ವಾರ ಗೊತ್ತೇ? ಅದು ಸೋಮವಾರದಿಂದಲೇ ಬಾಗಿಲ ಕಡೆ ಹೊರಟಿತ್ತು. ಜಯಮ್ಮ ಟ್ರಾಫಿಕ್ ಪೊಲೀಸಿನವಳಂತೆ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತು, ಅದು ಬಂದಾಗಲೆಲ್ಲ ಎತ್ತಿ ಯೂಟರ್ನ್ ಮಾಡಿಸುತ್ತಿದ್ದಳು. "ಶುಕ್ರವಾರದ ತನಕ ತಡ್ಕೊಳೇ ನನ್ನವ್ವ!"

ಇದರಲ್ಲಿ ಒಂದು ದುಃಖದ ಸಂಗತಿಯೂ ಇತ್ತು. ನಮ್ಮ ಸೊಸೆ ಅಕ್ಷತಾಳ ತಾಯಿ ಗಿರಿಜಮ್ಮನವರು ದಾವಣಗೆರೆಯಲ್ಲಿ ಬಚ್ಚಲಮನೆಯಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಅವರಿಗೂ ಇದು ಮೊದಲ ಮೊಮ್ಮಗು. ಬರಲು ಆಗದೆ ಫೋನಿನಲ್ಲಿ ಅತ್ತರು.

"ಬೀಗ್ರೇ, ಅಕಿ ಹೊಸ್ತಿಲು ದಾಟೋದು ನನ್ನ ಕಣ್ಣಾರೆ ನೋಡ್ಬೇಕಂತಿದ್ದೆ ರೀ. ಹಣೇಬರದಾಗ ಇಲ್ಲ."

"ಅಳ್ಬೇಡಿ ಬೀಗ್ತಿಯವರೇ! ನಿಮ್ಮ ಮಂಚದ ಮುಂದೆ ನಡೆದಂಗಿರೋ ಫೋಟೊ ಕಳಿಸ್ತೀನಿ. ಇದು ನನ್ನ ಮಾತು!" ಎಂದುಬಿಟ್ಟೆ.

ಮಾತು ಕೊಡಲು ಧೈರ್ಯವಿತ್ತು. ನಮ್ಮ ಮಗ ಮಂಜು ಮದುವೆ ಮನೆಗಳಲ್ಲಿ ಫೋಟೊ ತೆಗೆಯುವವನು. ದೊಡ್ಡ ಕ್ಯಾಮೆರಾ ಇದೆ. ಆದರೆ ಮಗುವಿನ ಅಪ್ಪ ಅಮ್ಮ ಇಬ್ಬರೂ ಒಳಗೆ ಜೊತೆಯಾಗಿ ಕೂತು ಮಗುವನ್ನು ಮಡಿಲಿಂದ ಬಿಡಬೇಕೆಂದು ಜಯಮ್ಮ ಅಪ್ಪಣೆ ಹೊರಡಿಸಿದಳು. ಹಾಗಾದರೆ ಕ್ಯಾಮೆರಾ ಹಿಡಿಯುವವರು ಯಾರು? ನಾನೇ!

ಮಂಜು ಹಿಂದಿನ ದಿನ ಪಾಠ ಮಾಡಿದ.

"ಅಪ್ಪಾ, ಸರಿಯಾಗಿ ಕೇಳಿಸ್ಕೊ. ಬೇರೆ ಕ್ಯಾಮೆರಾದಲ್ಲಿ ಮೇಲಿನ ಬಟನ್ನೇ ಫೋಕಸ್ಸೂ ಮಾಡುತ್ತೆ, ಫೋಟೊನೂ ತೆಗೆಯುತ್ತೆ. ನಾನು ಇದರಲ್ಲಿ ಫೋಕಸ್ಸನ್ನ ಹಿಂದಿನ ಬಟನ್‌ಗೆ ಹಾಕಿದೀನಿ. ಹೆಬ್ಬೆರಳಲ್ಲಿ ಹಿಂದಿಂದು ಒತ್ತಿದ್ರೆ ಫೋಕಸ್ಸು. ತೋರುಬೆರಳಲ್ಲಿ ಮೇಲಿಂದು ಒತ್ತಿದ್ರೆ ಫೋಟೊ."

"ಯಾಕೋ ಎರಡೆರಡು? ಒಂದರಲ್ಲೇ ಆಗೋ ಕೆಲಸಕ್ಕೆ?"

"ನಂಗೆ ಅದೇ ಅಭ್ಯಾಸ ಅಪ್ಪಾ. ಇನ್ನೊಂದು. ನಿಂತಿರೋ ವಸ್ತುಗೆ ಒಂದು ಮೋಡು, ಓಡಾಡೋದಕ್ಕೆ ಒಂದು ಮೋಡು. ಪಾಪು ಒಂದ್ಕಡೆ ನಿಲ್ಲಲ್ಲ ಅಲ್ವಾ, ಓಡಾಡೋ ಮೋಡ್ ಹಾಕಿದೀನಿ. ಹೆಬ್ಬೆರಳು ಒತ್ಕೊಂಡಿರೋ ತನಕ ಫೋಕಸ್ಸು ಅವಳ ಹಿಂದೇನೇ ಹೋಗುತ್ತೆ. ಹಸಿರು ಚೌಕ ಕಾಣುತ್ತೆ ನೋಡು."

ನನ್ನ ತಲೆಯಲ್ಲಿ ದೀಪ ಹೊತ್ತಿತು. "ಓಹೋ! ಹೆಬ್ಬೆರಳು ಕ್ಲಚ್ಚು, ತೋರುಬೆರಳು ಆಕ್ಸಿಲರೇಟರು, ಹಸಿರು ಸಿಗ್ನಲ್ಲು!"

ಮಂಜು ಮೊಬೈಲ್ ನೋಡುತ್ತಾ, "ಹೂಂ, ಹಂಗೇ ಅನ್ಕೋ" ಎಂದ.

ಆ 'ಹಂಗೇ ಅನ್ಕೋ' ನಮ್ಮ ಮನೆತನದ ಇತಿಹಾಸದಲ್ಲೇ ಅತ್ಯಂತ ದುಬಾರಿಯಾದ ಮಾತು.

ಪರೀಕ್ಷಾರ್ಥವಾಗಿ ಅಡುಗೆಮನೆಗೆ ಹೋದೆ. ಜಯಮ್ಮ ಹಂಚಿಕೊಡಲು ರವೆ ಉಂಡೆ ಕಟ್ಟುತ್ತಿದ್ದಳು. ಕ್ಲಚ್ ಮರೆತು ಬರೀ ಆಕ್ಸಿಲರೇಟರ್ ಒತ್ತಿದೆ. ನೋಡಿದರೆ ಇಡ್ಲಿ ಪಾತ್ರೆಯ ಹಬೆಗೆ ಸೀರೆ ಉಡಿಸಿದಂತೆ ಬಂದಿತ್ತು.

"ಇದ್ಯಾರ್ರೀ ದೆವ್ವ?"

"ನೀನೇ ಕಣೇ."

"ಉಂಡೆ ಮುಗೀಲಿ, ಮಾತಾಡ್ತೀನಿ ನಿಮ್ಮತ್ರ!"

ಎರಡನೇ ಸಲ ಶಾಸ್ತ್ರೋಕ್ತವಾಗಿ ಹೆಬ್ಬೆರಳು ಒತ್ತಿದೆ. ಹಸಿರು ಬಂತು. ಬಸ್ಸಿನಲ್ಲಿ ಮಾಡುವ ಹಾಗೆಯೇ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಆಕ್ಸಿಲರೇಟರ್ ಕೊಟ್ಟೆ. ಆಹಾ! ಜಯಮ್ಮನ ಮೂಗುತಿಯ ಹರಳು ಕೂಡ ಎಣಿಸುವ ಹಾಗೆ ಬಂತು. ಅವಳು ಉಂಡೆಯ ಮುಂದೆ ಅಲ್ಲಾಡದೆ ಕೂತಿದ್ದಳು, ಅದಕ್ಕೇ ಚೆನ್ನಾಗಿ ಬಂತು ಎಂಬ ಸೂಕ್ಷ್ಮ ನನ್ನ ಬುದ್ಧಿಗೆ ಹೊಳೆಯಲಿಲ್ಲ. ನಾನು ಕಲಿತುಬಿಟ್ಟೆ ಎಂದುಕೊಂಡೆ!

ಶುಕ್ರವಾರ ಬಂತು. ಬಾಗಿಲಿಗೆ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ. ಎದುರು ಮನೆಯ ರತ್ನಮ್ಮ, ಅವರ ಯಜಮಾನರು ನಂಜುಂಡಯ್ಯ ಬಂದರು. ರತ್ನಮ್ಮ ಹಾಲಿನ ಕೊನೆಯ ಗೋಡೆಗೆ ಒರಗಿ, ಉಂಡೆ ತಟ್ಟೆ ಇಟ್ಟಿದ್ದ ಸ್ಟೂಲಿನ ಪಕ್ಕ ಕೂತರು. ಅವರ ಪಕ್ಕದಲ್ಲೇ ಮಂಜು, ಅಕ್ಷತಾ, ಅಕ್ಷತಾಳ ಮಡಿಲಲ್ಲಿ ರೇಷ್ಮೆ ಲಂಗದ ಚಾರ್ವಿ.

ಅಕ್ಷತಾ ಅಮ್ಮನಿಗೆ ವಿಡಿಯೊ ಕಾಲ್ ಮಾಡಲು ಮೊಬೈಲ್ ಎತ್ತಿದಳು. ನಂಜುಂಡಯ್ಯನವರೂ ಮೊಬೈಲ್ ಹಿಡಿದರು. ನಾನು ಕೈ ಎತ್ತಿದೆ.

"ಯಾರೂ ಮೊಬೈಲ್ ತೆಗೀಬಾರ್ದು! ಮಗು ನಿಮ್ಮ ಮೊಬೈಲ್ ನೋಡ್ಕೊಂಡು ನಿಂತ್ಬಿಡುತ್ತೆ. ದೊಡ್ಡ ಕ್ಯಾಮೆರಾ ಇದೆ, ನಾನಿದೀನಿ. ಎಲ್ಲಾ ಒಳಗಿಡಿ!"

"ಮಾವ, ಅಮ್ಮ ಕಾಯ್ತಾ ಇರ್ತಾರೆ..." ಎಂದಳು ಅಕ್ಷತಾ.

"ವಿಡಿಯೊದಲ್ಲಿ ಮಗು ಚೂರು ಚೂರಾಗಿ ಕಾಣುತ್ತಮ್ಮ. ನಾನು ಮಾತು ಕೊಟ್ಟಿದೀನಿ. ಫಸ್ಟ್ ಕ್ಲಾಸ್ ಫೋಟೊ!"

ಎಲ್ಲರೂ ಮೊಬೈಲ್ ಒಳಗಿಟ್ಟರು. ಸ್ಟೆಪ್ನಿ ಇಲ್ಲದೆ ಬಸ್ಸು ಹೊರಟಿತು!

ನಾನು ಬಾಗಿಲ ಹೊರಗೆ, ಪ್ಯಾಸೇಜಿನಲ್ಲಿ ಹೊಟ್ಟೆ ಕೆಳಗೆ ಮಾಡಿ ಮಲಗಿದೆ. ಅಕ್ಷತಾ ಚಾರ್ವಿಯನ್ನು ಕೆಳಗೆ ಬಿಟ್ಟಳು. ಕ್ಲಚ್ ಒತ್ತಿದೆ. ಹಸಿರು! ಕ್ಲಚ್ ಬಿಟ್ಟೆ, ಆಕ್ಸಿಲರೇಟರ್ ಒತ್ತಿದೆ. ಟಕಟಕಟಕಟಕ! ಮಗು ಲಂಗ ಗುಡಿಸಿಕೊಂಡು ನನ್ನ ಕಡೆ ಬರುತ್ತಿದೆ. ನನ್ನ ಹೆಬ್ಬೆರಳು ಗಾಳಿಯಲ್ಲಿ ಆರಾಮಾಗಿದೆ. ಒಮ್ಮೆ ಬಿಟ್ಟ ಕ್ಲಚ್ಚನ್ನು ಮತ್ತೆ ಮತ್ತೆ ತುಳಿಯುವವನು ಡ್ರೈವರೇ ಅಲ್ಲ. ಒಂದೇ ಗೇರಿನಲ್ಲಿ, ಸ್ಮೂತಾಗಿ, ಟಕಟಕಟಕ!

ಹೊಸ್ತಿಲ ಬಳಿ ಬಂದು ಮಗು ನಿಂತಿತು. ಕುಂಕುಮ ಮುಟ್ಟಿತು. ಒಂದು ಸೇವಂತಿಗೆ ದಳ ತಿಂದು ನೋಡಿತು. ಆಮೇಲೆ, ಸೋಮವಾರದಿಂದ ಅಭ್ಯಾಸವಾಗಿತ್ತಲ್ಲ, ತಾನಾಗಿಯೇ ಯೂಟರ್ನ್ ಹೊಡೆಯಿತು!

"ಅಯ್ಯೋ, ನಿಮ್ಮಜ್ಜಿ ಕಲ್ಸಿದ್ದು!" ಎಂದೆ.

"ಹ್ಞೂಂ, ಎಲ್ಲಾ ನನ್ನ ತಲೆಗೇ ಕಟ್ಟಿ!" ಎಂದಳು ಜಯಮ್ಮ.

ಗಿಲಕಿ ಆಡಿಸಿದರು, ಬಾಳೆಹಣ್ಣು ತೋರಿಸಿದರು. ತಿರುಗಲಿಲ್ಲ. ಕೊನೆಗೆ ನಾನು ಮಲಗಿದ್ದಲ್ಲಿಂದಲೇ ಬಾಯಲ್ಲಿ ಬಸ್ಸಿನ ಹಾರನ್ ಹೊಡೆದೆ. "ಪಾಂ ಪಾಂ ಪಾಂ!"

ಚಾರ್ವಿ ತಿರುಗಿದಳು. ನನ್ನನ್ನು ನೋಡಿ ನಕ್ಕಳು. ಆ ನಗುವಿಗೆ ನನ್ನ ಕನ್ನಡ ಸಾಲದು. ಎರಡು ಕೈ ಹೊಸ್ತಿಲ ಆಚೆ, ಒಂದು ಮಂಡಿ, ಇನ್ನೊಂದು ಮಂಡಿ, ದಾಟಿಯೇಬಿಟ್ಟಳು! ಎಲ್ಲರೂ ಚಪ್ಪಾಳೆ. ನಾನು ಅಳುತ್ತಾ, ನಗುತ್ತಾ, ಟಕಟಕ ಒತ್ತುತ್ತಾ, ಹೊಟ್ಟೆಯ ಮೇಲೇ ರಿವರ್ಸ್ ತೆಗೆದುಕೊಂಡೆ. ಪಕ್ಕಕ್ಕೆ ಬಂದು ನಿಂತಿದ್ದ ನಂಜುಂಡಯ್ಯನವರು ಕಂಡಕ್ಟರ್ ಕೆಲಸ ವಹಿಸಿಕೊಂಡರು.

"ಬರ್ಲಿ ಬರ್ಲಿ ಬರ್ಲಿ... ಸ್ವಲ್ಪ ಲೆಫ್ಟು... ಬರ್ಲಿ... ಹೋಲ್ಡಾನ್! ಹೋಲ್ಡಾನ್ ಅಂದೆ ಕಣ್ರೀ!"

ಧಡಾರ್! ಚಪ್ಪಲಿ ಸ್ಟ್ಯಾಂಡು ನನ್ನ ಮೇಲೆ ಬಂತು, ನಾನು ಅಂಗಾತ ಉರುಳಿದೆ. ಮಗುವಿಗೆ ಇದು ಬಹಳ ಇಷ್ಟವಾಗಿ, ಬಂದು ನನ್ನ ಕೈಯಿಂದ ಕ್ಯಾಮೆರಾವನ್ನೇ ಕಿತ್ತುಕೊಂಡು, ತಿರುಗಿಸಿ, ಅಂಗೈಯಿಂದ ಬಡಿಯತೊಡಗಿತು. ಮಂಜು ಓಡಿಬಂದು ಬಿಡಿಸಿಕೊಂಡ. ಅಪ್ಪನನ್ನು ಎಬ್ಬಿಸಲು ಅಲ್ಲ, ಕ್ಯಾಮೆರಾ ಎತ್ತಿಕೊಳ್ಳಲು ಬಂದಿದ್ದು!

ಕ್ಯಾಮೆರಾದ ಅಂಗೈಯಗಲದ ಪರದೆಯಲ್ಲಿ, ಕನ್ನಡಕವಿಲ್ಲದೆ ನೋಡಿದೆ. ಬಹಳ ಚೆನ್ನಾಗಿದೆ ಎಂದು ಘೋಷಿಸಿದೆ. "ಟೀವಿಗೆ ಹಾಕೋ ಮಂಜು, ಎಲ್ರೂ ನೋಡ್ಲಿ!"

ಎಲ್ಲರೂ ಕೂತರು. ಮೊದಲನೇ ಫೋಟೊ. ಚಾರ್ವಿ ಅಮ್ಮನ ಮಡಿಲ ಮುಂದೆ, ಮುತ್ತಿನಂತೆ! "ಹೆಂಗೆ?" ಎಂದೆ. ಎರಡನೆಯದರಲ್ಲಿ ಮಗು ಸ್ವಲ್ಪ ಮಂಕಾಯಿತು. ಮೂರನೆಯದರಲ್ಲಿ ಗುಲಾಬಿ ಬಣ್ಣದ ಮೋಡ. ಅಲ್ಲಿಂದಾಚೆ ಹೊಸ್ತಿಲು ಮೋಡ, ತೋರಣ ಮೋಡ, ಮಗುವಿನ ಹಿಂದೆ ಎದ್ದು ಬಂದ ಅಪ್ಪ ಅಮ್ಮನೂ ಮೋಡ, ಮೋಡದೊಳಗೆ ಮೋಡ.

ಆದರೆ ಹಿಂದೆ, ಆ ಕೊನೆಯ ಗೋಡೆಯ ಹತ್ತಿರ, ಒಬ್ಬರು ಮಾತ್ರ ಪ್ರತಿ ಫೋಟೊದಲ್ಲೂ ಹೊಸ ನೋಟಿನಷ್ಟು ಸ್ಪಷ್ಟವಾಗಿದ್ದರು. ರತ್ನಮ್ಮ! ಎಲ್ಲರೂ ಮಗುವನ್ನು ನೋಡುತ್ತಿದ್ದಾಗ ಅವರು ತಟ್ಟೆಗೆ ಕೈ ಹಾಕಿದ್ದು. ಮುಂದಿನದರಲ್ಲಿ ಉಂಡೆ ತುಟಿಯ ಹತ್ತಿರ. ಮುಂದಿನದರಲ್ಲಿ ಇಡೀ ಉಂಡೆ ಬಾಯೊಳಗೆ, ಕಣ್ಣು ಮುಚ್ಚಿ, ಪರಮಾನಂದ! ತುಟಿಯ ಮೇಲಿನ ಗೋಡಂಬಿ ಚೂರೂ ಕಾಣುತ್ತಿತ್ತು.

ನಂಜುಂಡಯ್ಯನವರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು.

"ರತ್ನಾ, ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದ್ದು ನೀನೇ ಅಲ್ವಾ?"

"ಒಂದೇ ಒಂದು ಕಣ್ರೀ, ದೇವರಾಣೆ!"

ಮುಂದಿನ ಫೋಟೊ ಬಂತು. ಎರಡನೇ ಉಂಡೆ!

ಮಂಜು ನನ್ನನ್ನು ನೋಡಿದ. "ಅಪ್ಪಾ, ಹೆಬ್ಬೆರಳು ಒತ್ಕೊಂಡೇ ಇದ್ದೆ ತಾನೆ?"

"ಇಲ್ಲಪ್ಪ, ಬಿಟ್ಟೆ."

"ಯಾಕಪ್ಪಾ ಬಿಟ್ಟೆ! ಬಿಟ್ರೆ ಫೋಕಸ್ಸು ಇದ್ದಲ್ಲೇ ನಿಂತ್ಕೊಳುತ್ತೆ! ಪಾಪು ಮುಂದೆ ಬಂದ್ಲು, ಫೋಕಸ್ಸು ರತ್ನಮ್ಮ ಆಂಟಿ ಹತ್ರಾನೇ ಉಳ್ಕೊಳ್ತು!"

"ಕ್ಲಚ್ ಒತ್ಕೊಂಡೇ ಆಕ್ಸಿಲರೇಟರ್ ಕೊಟ್ರೆ ಕ್ಲಚ್ ಪ್ಲೇಟ್ ಸುಟ್ಟೋಗಲ್ವೇನೋ!"

ಮಂಜು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಕ್ಷತಾಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನ್ನ ಮೇಲೆ ಇನ್ನೊಂದು ಚಪ್ಪಲಿ ಸ್ಟ್ಯಾಂಡು ಬಿದ್ದಂತಾಯಿತು. "ಇನ್ನೊಂದ್ಸಲ ದಾಟಿಸಿ, ಮಂಜು ಫೋಟೊ ತೆಗೀಲಿ" ಎಂದಳು ಜಯಮ್ಮ. "ಬೇಡ ಅತ್ತೆ. ಎರಡನೇದನ್ನ ಮೊದಲ್ನೇದು ಅಂತ ನಮ್ಮಮ್ಮಂಗೆ ಸುಳ್ಳು ಹೇಳೋಕಾಗಲ್ಲ" ಎಂದಳು ಅಕ್ಷತಾ. ನ್ಯಾಯವಾದ ಮಾತು. ಮಾತು ಕೊಟ್ಟವನೇ ಫೋನ್ ಮಾಡಬೇಕು. ಮಾಡಿದೆ.

"ಬೀಗ್ತಿಯವರೇ, ತಪ್ಪಾಯ್ತು. ಫೋಟೊ ಎಲ್ಲಾ ಹಾಳಾಯ್ತು, ಪಾಪು ಬರೀ ಮೋಡ. ಮೊಬೈಲೂ ಹಿಡಿಯೋಕೆ ಬಿಡ್ಲಿಲ್ಲ ನಾನು."

ಗಿರಿಜಮ್ಮನವರು ಸಣ್ಣ ದನಿಯಲ್ಲಿ, "ಇರೋದೆಲ್ಲಾ ಕಳಿಸ್ರೀ ಬೀಗ್ರೇ. ಮೋಡ ಆದ್ರೂ ನಮ್ಮ ಮೊಮ್ಮಗಳೇ ಅಲ್ವೇನ್ರೀ" ಎಂದರು.

ಮಂಜು ಒಂದನ್ನೂ ಬಿಡದೆ ಕಳಿಸಿದ. ನಾನು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಒಳಗೆ ಬಂದು ಸ್ಪೀಕರ್ ಹಾಕಿದರೆ ಮಾತಿಲ್ಲ, ಬರೀ ನಗು. ನಡುನಡುವೆ "ಅಯ್ಯೋ ಕಾಲು, ಅಯ್ಯೋ ನನ್ನ ಕಾಲು!"

"ಏನಾಯ್ತು ಬೀಗ್ತಿಯವರೇ?"

"ಮೊಮ್ಮಗಳು ಹೊಸ್ತಿಲು ದಾಟಿದ್ದು ಕಾಣವಲ್ದು ರೀ. ಆ ಅಮ್ಮಾರ ಉಂಡಿ ಗಂಟಲು ದಾಟಿದ್ದು ಚಂದ ಕಂಡ್ತು!"

ರತ್ನಮ್ಮ ಇದನ್ನು ಕೇಳಿಸಿಕೊಂಡು ಮನೆಗೆ ಹೋದವರು ಸಂಜೆಯವರೆಗೆ ಬಾಗಿಲು ತೆಗೆಯಲಿಲ್ಲ.

ಗಿರಿಜಮ್ಮನವರು ನಗು ನಿಲ್ಲಿಸಿ, "ಕೊನೇ ಫೋಟೊ ನೋಡಿರೇನ್ರೀ ನೀವು?" ಎಂದು ಕೇಳಿದರು. ನಾವ್ಯಾರೂ ನೋಡಿರಲಿಲ್ಲ. ಎರಡನೇ ಉಂಡೆಯ ಗಲಾಟೆಯಲ್ಲಿ ಟೀವಿ ಅಲ್ಲಿಗೇ ನಿಂತಿತ್ತು.

ಹಾಕಿ ನೋಡಿದೆವು. ಅದು ನಾನು ತೆಗೆದದ್ದಲ್ಲ. ಚಾರ್ವಿ ಕ್ಯಾಮೆರಾ ಕಿತ್ತುಕೊಂಡು ಬಡಿದಳಲ್ಲ, ಒಂದು ಅಂಗೈ ಹಿಂದಿನ ಬಟನ್ ಮೇಲೆ, ಇನ್ನೊಂದು ಮೇಲಿನ ಬಟನ್ ಮೇಲೆ ಬಿದ್ದಿತ್ತು. ಫೋಟೊದಲ್ಲಿ ನಾನು ಅಂಗಾತ ಬಿದ್ದಿದ್ದೇನೆ. ಹೆಗಲ ಮೇಲೆ ನಂಜುಂಡಯ್ಯನವರ ಒಂದು ಚಪ್ಪಲಿ. ಬಾಯಿ ಬಾವಿಯಂತೆ ತೆರೆದಿದೆ. ನನ್ನ ಮೂಗಿನ ಕೂದಲುಗಳನ್ನು ಒಂದೊಂದಾಗಿ ಹಾಜರಿ ಕರೆಯಬಹುದು. ಇಡೀ ದಿನದಲ್ಲಿ ಹಾಗೆ ಫೋಕಸ್ ಆದ ಫೋಟೊ ಇನ್ನೊಂದಿಲ್ಲ!

"ನಾನೂ ಇಷ್ಟು ಶಾರ್ಪಾಗಿ ತೆಗೆದಿಲ್ಲ" ಎಂದ ಮಂಜು. ಅಕ್ಷತಾ ಆಗ ನಕ್ಕಳು. ನನಗೆ ಹೋದ ಜೀವ ಬಂತು.

"ನನಗಿದೇ ಸಾಕು ರೀ" ಎಂದರು ಗಿರಿಜಮ್ಮ. "ನೀವು ಬಿದ್ದಿರೋದು ಬಾಗಿಲ ಹೊರಗೆ. ಹೊಸ್ತಿಲು ದಾಟದೆ ಅಕಿ ಈ ಫೋಟೊ ಹೆಂಗ ತೆಗೀತಾಳ? ಇದೇ ಸಾಕ್ಷಿ!"

ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಂಚದ ಎದುರಿನ ಗೋಡೆಗೆ ತೂಗುಹಾಕಿಸಿಕೊಂಡಿದ್ದಾರಂತೆ. ಕಾಲು ನೋಡಲು ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಾರಂತೆ. "ನಮ್ಮ ಮೊಮ್ಮಗಳು ಹೊಸ್ತಿಲು ದಾಟಿದ ದಿವಸ ತೆಗೆದದ್ದು ನೋಡ್ರಿ, ಎಂಥಾ ಕೈ!"

ಬಂದವರು ನನ್ನ ಮೂಗಿನ ಹೊಳ್ಳೆಗಳನ್ನು ದಿಟ್ಟಿಸಿ ನೋಡಿ, "ಇವರ್ಯಾರು?" ಎಂದು ಕೇಳಿದರೆ, ಗಿರಿಜಮ್ಮನವರು ಬಹಳ ಗೌರವದಿಂದ ಹೇಳುತ್ತಾರಂತೆ:

"ಅವರಾ? ಅವತ್ತಿನ ಫೋಟೊಗ್ರಾಫರು!"