ಅಭಾದಲ್ಲಿ ಕೂತು ಮಂಗಳೂರಿನ ಮನೆಸಾಲ ಬದಲಿಸಿದ್ದು

ಪರದೇಶದಲ್ಲಿದ್ದುಕೊಂಡು ಊರಿನ ಬ್ಯಾಂಕಿನ ಜೊತೆ ವ್ಯವಹಾರ ಇಟ್ಟುಕೊಂಡವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಮಗೆ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಅರಬರ ನಾಡಿನ ಗುಡ್ಡದೂರು ಅಭಾದ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವಳು, ಇವರು ಅಲ್ಲಿಯದೇ ಸ್ಟೋರಿನಲ್ಲಿ. ಮಂಗಳೂರಿನಲ್ಲಿ ಸಾಲ ಮಾಡಿ ಒಂದು ಫ್ಲಾಟ್ ಕೊಂಡಿದ್ದೆವು. ಸಾಲಕ್ಕೆ ಆಧಾರವಾಗಿ ಇವರ ಎರಡು ಎಂಡೋಮೆಂಟ್ ಪಾಲಿಸಿ ಬ್ಯಾಂಕಿನಲ್ಲಿ ಇಟ್ಟಾಗಿತ್ತು. ಕಟ್ಟುತ್ತಾ ಹೋದರೆ ಅವಧಿ ಮುಗಿದಾಗ ಒಟ್ಟಿಗೆ ಹಣ ಬರುವ ವಿಮೆ ಅದು. ಈಗ ಸಾಲದ ಹಳೇ ಬಡ್ಡಿಯ ಕರಾರು ಮುಗಿಯುತ್ತಾ ಬಂದಿತ್ತು. ತಿಂಗಳೊಳಗೆ ಹೊಸತು ಆರಿಸದಿದ್ದರೆ ಬಡ್ಡಿ ಮೇಲೆ ಹೋಗುತ್ತದೆ. ಇತ್ತ ಇವರ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂದು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ತಪ್ಪು ಆರಿಸಿದರೆ ಫ್ಲಾಟೇ ಕೈತಪ್ಪಬಹುದು.

ಉಸಿರು ಬಿಡಿ

ಬ್ಯಾಂಕಿನ ಹುಡುಗಿ ಫೋನ್ ಮಾಡಿದಾಗ ನನ್ನ ಮುಂದೆ ಭಟ್ಕಳದ ಅಜ್ಜಿಯೊಬ್ಬರು ಎದೆಯ ಎಕ್ಸ್‌ರೇಗೆ ನಿಂತಿದ್ದರು. ಮಗನ ಮನೆಗೆಂದು ಬಂದವರು, ಅಭಾದ ಚಳಿಗೆ ಕೆಮ್ಮು ಹಿಡಿಸಿಕೊಂಡಿದ್ದರು.

"ಮೇಡಂ, ಬಡ್ಡಿ ಒಂದೇ ರೀತಿ ಇರುವ ಫಿಕ್ಸೆಡ್ ಬೇಕಾ, ಏರಿಳಿಯುವ ಫ್ಲೋಟಿಂಗ್ ಬೇಕಾ?"

ಅಷ್ಟರಲ್ಲಿ ಅಜ್ಜಿ, ನಾನು ಯಾರೊಟ್ಟಿಗೆ ಮಾತಾಡುತ್ತಿದ್ದೇನೆಂದು ನೋಡಲು ಪೂರ್ತಿ ತಿರುಗಿಬಿಟ್ಟರು.

"ಅಲ್ಲಾಡಬೇಡಿ ಮಾರಾಯ್ರೆ! ಇದ್ದ ಹಾಗೇ ಇರಿ!" ಎಂದು ಕೂಗಿದೆ.

"ಸರಿ ಮೇಡಂ, ಫಿಕ್ಸೆಡ್," ಎಂದಳು ಹುಡುಗಿ.

"ಅಯ್ಯೋ, ಅದು ನಿಮಗಲ್ಲ! ಉಸಿರು ಬಿಗಿ ಹಿಡಿಯಿರಿ!"

ಫೋನು ಗಪ್‌ಚಿಪ್. ಫಿಲ್ಮ್ ತೆಗೆದು, "ಹಾಂ, ಈಗ ಬಿಡಿ," ಎಂದೆ. ಅಜ್ಜಿಗಿಂತ ಮೊದಲು ಫೋನಿನಲ್ಲಿ ಉಸ್ಸೆಂದು ಉಸಿರು ಬಿಟ್ಟ ಸದ್ದು ಕೇಳಿಸಿತು.

ಭಾವ ಹೇಳಿದ್ದು

ಆ ಪಾಲಿಸಿ ಎರಡನ್ನೂ ಮಾಡಿಸಿದ್ದು ಇವರ ಅಕ್ಕನ ಗಂಡ. ವಿಮಾ ಏಜೆಂಟರು. ಹೊಸ ಕರಾರು ಎಷ್ಟು ವರ್ಷಕ್ಕೆ ಮಾಡುವುದು ಎಂದು ನಿರ್ಧರಿಸಬೇಕಾದರೆ ಪಾಲಿಸಿಯಿಂದ ಎಷ್ಟು ಬರುತ್ತದೆ ಎಂದು ತಿಳಿಯಬೇಕಲ್ಲ? ಇವರು ಫೋನ್ ಮಾಡಿದರು.

"ಭಾವ, ಆ ಹಣದಲ್ಲಿ ಮನೆಸಾಲ ಪೂರ್ತಿ ತೀರ್ತದಾ?"

"ತೀರದೆ ಎಂತ? ನೀನು ಸತ್ತರೆ ಪೂರ್ತಿ ತೀರ್ತದೆ."

"ಸಾಯದಿದ್ದರೆ?"

ಫೋನಿನಲ್ಲಿ ಭಾವ ಕಾಗದ ತಿರುವಿ ಹಾಕುವ ಸದ್ದು ಕೇಳಿಸಿತು. "ಬದುಕಿದ್ದರೆ ಸ್ವಲ್ಪ ಕಷ್ಟ ಉಂಟು ಮಾರಾಯ," ಎಂದರು.

ಆ ದಿನ ಇವರು ಊಟಕ್ಕೆ ಕೂತಾಗ ನನ್ನ ಮುಖ ನೋಡಿ, "ನಾನು ಬೇಕೂಂತ ಬದುಕಿರುವುದಲ್ಲ," ಎಂದರು.

ಮೈಸೂರಿನ ಇಂಜಿನಿಯರು

ನಮ್ಮ ಪರಿಚಯದಲ್ಲಿ ಇಂಥದ್ದೆಲ್ಲ ತಿಳಿದವರು ಇಲ್ಲೇ ಅಭಾದಲ್ಲಿರುವ ಮೈಸೂರಿನ ಇಂಜಿನಿಯರೊಬ್ಬರು. ರಜೆಯ ದಿನ ಶುಕ್ರವಾರ ಅವರ ಮನೆಗೆ ಹೋದೆವು. ಪಾಲಿಸಿ ಮುರಿಸಿ, ಅಂದರೆ ಸರೆಂಡರ್ ಮಾಡಿ, ಬಂದ ಹಣವನ್ನು ಸಾಲಕ್ಕೆ ಕಟ್ಟಿದರೆ ಏನಾಗುತ್ತದೆ, ಮುರಿಸದೆ ಇಟ್ಟರೆ ಏನಾಗುತ್ತದೆ, ಬೇರೆ ಬ್ಯಾಂಕಿಗೆ ಹೋದರೆ ಏನಾಗುತ್ತದೆ ಎಂದು ಚಹಾ ಎರಡು ಸಲ ತಣ್ಣಗಾಗುವವರೆಗೆ ವಿವರಿಸಿದರು. ಇವರು ತಲೆಯಾಡಿಸಿದರು. ನಾನೂ ಆಡಿಸಿದೆ. ಕೊನೆಗೆ ಅವರು, "ನೋಡಿ, ಎಷ್ಟು ಸುಲಭ!" ಎಂದರು. ಹೌದೆಂದೆವು.

ಕಾರಿಗೆ ಹತ್ತಿದ ಮೇಲೆ ನಾನು, "ಹಾಗಾದರೆ ಎಂತ ಮಾಡುವುದು?" ಎಂದೆ.

"ನಿನಗೆ ಅರ್ಥ ಆಗ್ಲಿಲ್ವಾ? ನೀನು ತಲೆಯಾಡಿಸಿದೆಯಲ್ಲ?"

"ನೀವು ಆಡಿಸಿದಿರಿ ಅಂತ ನಾನು ಆಡಿಸಿದ್ದು."

ಇವರು ಕಾರಿನ ಕೀ ಬಿಟ್ಟು ನನ್ನ ಕಡೆ ತಿರುಗಿದರು. "ನಾನು ನಿನ್ನನ್ನು ನೋಡಿ ಶುರು ಮಾಡಿದ್ದು," ಎಂದರು.

ಅತ್ತೆ ಬ್ಯಾಂಕಿಗೆ ಹೋದದ್ದು

ಕೊನೆಯ ವಾರ. ನಮಗೆ ರಜೆ ಸಿಗಲಿಲ್ಲ. ಸಹಿ ಹಾಕುವ ಅಧಿಕಾರವನ್ನು ಊರಿನಲ್ಲಿರುವ ನನ್ನ ಅತ್ತೆಗೆ ಬರೆದುಕೊಟ್ಟು, "ಮ್ಯಾನೇಜರರು ಯಾವುದು ಒಳ್ಳೇದು ಅಂತಾರೋ ಅದಕ್ಕೆ ಸಹಿ ಹಾಕಿ ಬಾ ಅಮ್ಮ," ಎಂದರು ಇವರು. ಅತ್ತೆ ಮೀನು ಮಾರ್ಕೆಟಿಗೆ ಕಾಲಿಟ್ಟರೆ ಮೀನಿನವರು ಮೊದಲೇ ದರ ಏರಿಸಿ ಹೇಳುತ್ತಾರೆ, ಇಳಿಸಲಿಕ್ಕೆ ಜಾಗ ಇರಲಿ ಎಂದು.

ಅತ್ತೆ ಬ್ಯಾಂಕಿಗೆ ಹೋದ ದಿನ ನಾನು ಡ್ಯೂಟಿಯಲ್ಲಿದ್ದಾಗ ಮ್ಯಾನೇಜರರ ಫೋನ್ ಬಂತು. ದನಿ ಸೋತಿತ್ತು.

"ಮೇಡಂ, ಪಾಲಿಸಿ ಸರೆಂಡರ್ ಮಾಡ್ತೀರಾ ಅಂತ ಕೇಳಿದೆ. 'ಸರೆಂಡರ್ ಆಗ್ಲಿಕ್ಕೆ ನನ್ನ ಮಗ ಎಂತ ಕೊಲೆ ಮಾಡಿದ್ದಾನಾ?' ಅಂತ ಜೋರು ಮಾಡಿದರು. ಪಾಲಿಸಿ ವಿಷಯ ಅಲ್ಲಿಗೇ ಬಿಟ್ಟೆ."

"ಬಡ್ಡಿ?"

"ನಾನು ಹೇಳಿದ ದರ ಕೇಳಿ ಎದ್ದು ಹೊರಟೇಬಿಟ್ಟರು, ಎದುರಿನ ಬ್ಯಾಂಕಿಗೆ. ಬಾಗಿಲವರೆಗೆ ಹೋಗಿ ನಾನು ಕರೀತೇನಾ ಅಂತ ತಿರುಗಿ ನೋಡಿದರು. ಕರೆದೆ ಮೇಡಂ. ಹೆಡ್ ಆಫೀಸಿಗೆ ಕೇಳಿ ಇಳಿಸಿದೆ. ಸಹಿಯೂ ಆಯ್ತು."

ನನಗೆ ಜೀವ ಬಂದ ಹಾಗಾಯಿತು. "ಹಾಗಾದರೆ ಫಿಕ್ಸೆಡ್ಡಾ, ಫ್ಲೋಟಿಂಗಾ?"

"ಅದನ್ನು ಆಮೇಲೆ ಹೇಳ್ತೇನೆ ಮೇಡಂ. ಮೊದಲು ನೀವು ಅವರ ಹತ್ರ ಒಂದು ಮಾತು ಆಡಿ. ನಮಗೆಲ್ಲ ಊಟದ ಹೊತ್ತಾಯ್ತು, ಅವರು ಕುರ್ಚಿಯಿಂದ ಏಳ್ತಾ ಇಲ್ಲ."

"ಯಾಕೆ?"

"ಇಷ್ಟು ದೊಡ್ಡ ಸಾಲ ತಗೊಂಡದ್ದಕ್ಕೆ ಕೊಸರು ಕೇಳ್ತಿದ್ದಾರೆ."